ಹಗಲಲ್ಲಿ ಮುಚ್ಚಿದ ಬಾಗಿಲು

ವಾರವಾರ ಪತ್ರಿಕೆಯಲ್ಲಿ ಊರಿಗೆಲ್ಲ ಬುದ್ಧಿ ಹೇಳಿ ಬರೆಯುವ ಈ ಕೈ, ಕಳೆದ ಮಂಗಳವಾರ ಒಂದು ಪುಟ್ಟ ಮುಚ್ಚಳ ತೆಗೆಯಲು ಹೆದರಿತು.

ಬಾಬುರಾಯನಕೊಪ್ಪಲಿನ ಮನೆಯಲ್ಲಿ ನಾನು, ನಮ್ಮಕ್ಕ ಇಬ್ಬರೇ. ಅಕ್ಕನಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ಮನೆಯಲ್ಲೇ ಡಯಾಲಿಸಿಸ್. ಹೊಟ್ಟೆಗೆ ಕೂರಿಸಿದ ಪೈಪಿನಿಂದ ಹಳೇ ನೀರು ಇಳಿಸಿ, ಬ್ಯಾಗಿನಲ್ಲಿರುವ ಔಷಧದ ನೀರು ತುಂಬಬೇಕು. ಅಕ್ಕನ ಬೆರಳಿಗೆ ಹಿಡಿತವಿಲ್ಲ. ಹಾಗಾಗಿ ಬೆಳಿಗ್ಗೆ, ಸಂಜೆ ಆಸ್ಪತ್ರೆಯಿಂದ ಸುಮಿತ್ರಾ ಸಿಸ್ಟರ್ ಬರುತ್ತಾರೆ.

ಮಂಗಳವಾರ ಅವರ ಫೋನು. 'ಸಾರ್, ನಾಗಮಂಗಲದಲ್ಲಿ ಒಬ್ರು ಪೇಷಂಟ್ ಸೀರಿಯಸ್ಸು. ಇವತ್ತು ಬೆಳಿಗ್ಗೆದು ನೀವೇ ಮಾಡಿ. ದಿನಾ ನೋಡ್ತೀರಲ್ಲ.'

(ಬಸ್ಸನ್ನೂ ದಿನಾ ನೋಡುತ್ತೇನೆ. ಓಡಿಸಲು ಬರುತ್ತದೆಯೇ?)

ಧೂಳು ಹಾರದಿರಲೆಂದು ಫ್ಯಾನ್ ಆರಿಸಿದೆ. ಬಾಗಿಲು ಮುಚ್ಚಿದೆ. ಮಾಸ್ಕ್ ಹಾಕಿ, ಸೋಪಿನಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆದೆ. ಮುಚ್ಚಳ ತೆಗೆದ ಮೇಲೆ ಪೈಪಿನ ತುದಿಗೆ ಏನೂ ತಾಕಬಾರದು. ತಾಕಿದರೆ ಸೋಂಕು ನೇರ ಹೊಟ್ಟೆಯೊಳಕ್ಕೆ. ಜೀವಕ್ಕೇ ಕುತ್ತು.

'ಯಾಕ್ಲಾ ಅಂಗ್ ಎದ್ರುಕೊತೀಯಾ? ಸಾಯೋಳು ನಾನು ಕಣ್ಲಾ' ಎಂದು ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ಮುಚ್ಚಳ ತೆಗೆದೆ. ಅದೇ ಗಳಿಗೆಗೆ ಬಾಗಿಲು ತೆರೆಯಿತು. ಪಕ್ಕದ ಮನೆ ನಿಂಗಮ್ಮ, ಕೈಯಲ್ಲಿ ಮಜ್ಜಿಗೆ ಚೊಂಬು.

'ಸಿಸ್ಟ್ರೂ ಬಂದಿಲ್ಲ, ಅಗಲೊತ್ನಲ್ಲೇ ಬಾಗ್ಲು ಮುಚ್ಕೊಂಡವ್ರಲ್ಲ, ಏನಾಗೋಯ್ತೋ ಅಂತ ಬಂದೆ ಕಣಕ್ಕ.'

ನಮ್ಮ ಕಡೆ ಹಗಲಲ್ಲಿ ಬಾಗಿಲು ಮುಚ್ಚುವುದುಂಟೇ? ಮುಚ್ಚಿದರೆ ಕೆಟ್ಟ ಸುದ್ದಿ ಎಂದೇ ಅರ್ಥ. ಅಕ್ಕನೋ, 'ಬಾ ನಿಂಗಮ್ಮ, ಕುತ್ಕೋ' ಅಂದೇಬಿಟ್ಟಳು. ಸಿಸ್ಟರ್ ಇದ್ದಿದ್ದರೆ ಹೊರಗೇ ನಿಲ್ಲಿಸುತ್ತಿದ್ದರು. ಮಜ್ಜಿಗೆ ತಂದವರನ್ನು ಬಾಗಿಲಲ್ಲೇ ತಡೆಯಲು ನನಗೆ ನಾಲಿಗೆ ಏಳಲಿಲ್ಲ. ತಿರುಗಿ ನೋಡಿದೆ, ಅಷ್ಟೇ. ಪೈಪಿನ ತುದಿ ನನ್ನ ಅಂಗಿ ತೋಳಿಗೆ ತಾಕಿತೇ? ಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ.

ಪೈಪು ಹಿಡಿದ ಕೈ ಬಿಡುವಂತಿರಲಿಲ್ಲ; ನಿಂಗಮ್ಮನ ಕೈಲೇ ಸಿಸ್ಟರ್‌ಗೆ ಫೋನು ಮಾಡಿಸಿದೆ.

'ಗೊತ್ತಿಲ್ಲ ಅಂದ್ರೆ ತಾಕಿದೆ ಅಂತಾನೇ ತಿಳ್ಕೊಳ್ಳಿ. ಪೈಪಿಗೆ ಕ್ಲಾಂಪ್ ಹಾಕಿ ಬಿಗಿ ಮಾಡಿ, ನೀರು ಬಿಡಬೇಡಿ. ಬರ್ತೀನಿ.'

ನಾಗಮಂಗಲದಿಂದ ಅವರು ಬರುವವರೆಗೂ ಅಕ್ಕನ ಮುಖ ನೋಡುತ್ತಾ ಕೂತೆ. ಅಪ್ಪ, ಅಮ್ಮ ಹೋದ ಮೇಲೆ ನನಗೆ ಅಂತ ಇರುವವಳು ಅವಳೊಬ್ಬಳೇ. ಅವಳನ್ನು ನಾನೇ ಕೊಂದೆನೇ?

ಸಿಸ್ಟರ್ ಬಂದು ಪೈಪಿನ ತುದಿ ಬದಲಿಸಿ, ಔಷಧಿ ಕೊಟ್ಟರು. ಬಯ್ಯಲಿಲ್ಲ. ಮೂರು ದಿನ, ಹೊಟ್ಟೆಯಿಂದ ಇಳಿದ ನೀರಿನ ಬ್ಯಾಗನ್ನು ಕಿಟಕಿಗೆ ಹಿಡಿದು ನೋಡಿದೆ. ಕದಡಿದ್ದರೆ ಸೋಂಕು. ತಿಳಿಯಾಗಿತ್ತು, ಸದ್ಯ.

ನಿನ್ನೆ ಆಸ್ಪತ್ರೆಯಿಂದ ಕರೆ ಬಂತು. ಸೋಮವಾರದಿಂದ ಸಿಸ್ಟರ್ ಕೆ.ಆರ್. ಪೇಟೆ, ನಾಗಮಂಗಲದ ಕಡೆಗಂತೆ. ನಮ್ಮ ಮನೆಗೆ ಇನ್ನು ಯಾರೂ ಬರುವುದಿಲ್ಲವಂತೆ. 'ಮನೆಯವರು ನೀವಿದ್ದೀರಲ್ಲ ಸಾರ್?'

ಇದ್ದೇನೆ. ನನ್ನ ಭಯವೂ ಅದೇ.