ವಲ್ಲಿಯ ಕೆಳಗಿನ ಕೈ

ಗದಗಿನ ಹತ್ತಿ ಪೇಟೆಯಲ್ಲಿ ದಲಾಲಿ ಹುಚ್ಚೀರಪ್ಪನ ದನಿ ಕೇಳಿದವರು ಕಡಿಮೆ. ಅವನ ಕೈಯನ್ನು ಮಾತ್ರ ಎಲ್ಲರೂ ಬಲ್ಲರು. ಆಗ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಬಿಚ್ಚಿ ಹಾಸಿ, ಅದರ ಕೆಳಗೆ ಕೊಳ್ಳುವವನ ಕೈ ಹಿಡಿಯಬೇಕು. ಬೆರಳು ಹಿಡಿದರೆ ರೂಪಾಯಿ, ಗಿಣ್ಣು ಒತ್ತಿದರೆ ಆಣೆ. ಹೆಬ್ಬೆರಳು ಅಂಗೈಯನ್ನು ಒತ್ತಿದರೆ ಒಪ್ಪಿಗೆ. ಸುಮ್ಮನೆ ಸರಿದರೆ ಇಲ್ಲ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ. ಆ ಮುಖದಲ್ಲಿ ಏನೂ ಕಾಣದಂತೆ ಕೂರುವುದೇ ವಿದ್ಯೆ.

ಈ ವಿದ್ಯೆಯನ್ನು ಅವನು ಮಗಳು ಶಂಕ್ರೆವ್ವನಿಗೆ ಆಟವೆಂದು ಕಲಿಸಿದ್ದ. ತಾಯಿಯಿಲ್ಲದ ಒಬ್ಬಳೇ ಮಗಳು. ರಾತ್ರಿ ಊಟಕ್ಕೆ ಎಷ್ಟು ರೊಟ್ಟಿ ಎಂಬುದನ್ನೂ ಅಪ್ಪ, ಮಗಳು ವಲ್ಲಿಯ ಕೆಳಗೇ ತೀರ್ಮಾನಿಸುತ್ತಿದ್ದರು. ಮುಂಡರಗಿಗೆ ಮದುವೆಯಾಗಿ ಹೋದವಳು ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಿರುಗಿ ಬಂದಳು. ಅಳುವುದು ಮುಗಿದ ಮೇಲೆ ಅಂಗಡಿಯಲ್ಲಿ, ಪರದೆಯ ಹಿಂದೆ, ಅಪ್ಪನ ಎಡಕ್ಕೆ ಬಂದು ಕುಳಿತಳು. ಹತ್ತಿಯ ಎಳೆ ಜಗ್ಗಿ ನೋಡಿ, "ಯಪ್ಪಾ, ಇದು ಬೆಳ್ಳಟ್ಟಿ ಹತ್ತಿ. ಇಬ್ಬನ್ಯಾಗ ಬಿಡಿಸ್ಯಾರ, ಹಸಿ ಐತಿ" ಎನ್ನುತ್ತಿದ್ದಳು. ಹುಚ್ಚೀರಪ್ಪನ ಬಲಗೈ ಕೊಳ್ಳುವವನ ಕೈಯಲ್ಲಿ. ಎಡಗೈ ಪರದೆಯ ಹಿಂದೆ, ಮಗಳ ಕೈಯಲ್ಲಿ. ಅವಳು ಒತ್ತಿದ್ದನ್ನು ಅವನು ಈ ಕಡೆ ದಾಟಿಸುತ್ತಿದ್ದ. ಎಂಟು ವರ್ಷ ಪೇಟೆಯೆಲ್ಲ ಹುಚ್ಚೀರಪ್ಪನ ಕೈಗುಣವನ್ನು ಹೊಗಳಿತು. ಕೈ ಅವನದು, ಗುಣ ಅವಳದು. ಇದು ಗೊತ್ತಿದ್ದವನು ಅಂಗಡಿಯ ಹಮಾಲ ಖಾಸಿಂಸಾಬ ಒಬ್ಬನೇ.

ಸ್ವಾತಂತ್ರ್ಯ ಬಂದ ವರ್ಷ, ಪೇಟೆಯಲ್ಲಿ ಪೇಢೆ ಹಂಚಿದ ವಾರದಲ್ಲೇ, ಹುಚ್ಚೀರಪ್ಪನ ಬಲಗೈಗೆ ಲಕ್ವಾ ಹೊಡೆದು, ಮುಟ್ಟಿದರೂ ತಿಳಿಯದಂತಾಯಿತು. ಇಷ್ಟು ವರ್ಷ ಅನ್ನ ಕೊಟ್ಟ ಕೈಯೇ ಕೈಕೊಟ್ಟಿತು. ಎಡಗೈ ಚಾಚಿದರೆ ಎದುರಿನವನು ಅವಮಾನವಾಯಿತೆಂದು ಎದ್ದು ಹೋಗುತ್ತಿದ್ದ. ಅಂಗಡಿಯ ಗಾದಿಯ ಮೇಲೆ ಕೂರಲು ಇನ್ನೊಬ್ಬರು ಬೇಕೇ ಬೇಕಾಯಿತು.

ಶಂಕ್ರೆವ್ವ ಸುತ್ತಿ ಬಳಸದೆ ಕೇಳಿದಳು. "ಯಪ್ಪಾ, ಗಾದಿ ನನಗ ಕೊಡು."

"ಯವ್ವಾ, ಪ್ಯಾಟ್ಯಾಗ ಕಂಡಕಂಡವರ ಕೈ ಹಿಡೀತಿಯೇನು?"

"ಖಾಸಿಂ ಕಾಕಾ ಮುಂದ ಕುಂಡ್ರಲಿ. ಅವನ ಬೆರಳಿಗೊಂದು ದಾರ ಕಟ್ಟತೀನಿ. ನಾ ಜಗ್ಗಿದಷ್ಟು ರೂಪಾಯಿ."

ಬಾಗಿಲಲ್ಲಿ ನಿಂತಿದ್ದ ಖಾಸಿಂಸಾಬ ನಕ್ಕ. "ಗೊಂಬಿ ಆಗಾಕ ನಾ ತಯಾರ ಅದೀನ್ರಿ ಧಣ್ಯಾರ. ನಿಮ್ಮಣ್ಣನ ಮಗಾ ಗಾಳೆಪ್ಪಗ ಕೊಟ್ರ, ದಾರ ಇಲ್ಲದ ಗೊಂಬೀನ ತಂದು ಕುಂಡ್ರಿಸಿದಂಗ ಆಗತೈತಿ."

ಹುಚ್ಚೀರಪ್ಪ ನಗಲಿಲ್ಲ. ಪೇಟೆ ಏನಂದೀತು ಎಂಬುದೊಂದೇ ಅವನ ಕಿವಿಯಲ್ಲಿತ್ತು. ಗಾದಿ ಗಾಳೆಪ್ಪನಿಗೇ ಹೋಯಿತು. ಒಂದು ಗಾದಿಗೆ ಎರಡು ಅಧಿಕಾರ ಬೇಡವೆಂದು, ಮಗಳನ್ನು ಬೆಳ್ಳಟ್ಟಿಯ ಒಬ್ಬ ರೈತನಿಗೆ ಉಡಿಕಿ ಮದುವೆ ಮಾಡಿ ಕೊಟ್ಟ. ಆತನಿಗೂ ಅದು ಎರಡನೆಯ ಮದುವೆ, ತಾಯಿ ಸತ್ತ ಮೂರು ಮಕ್ಕಳಿದ್ದವು. ಹೊರಡುವ ದಿನ ಶಂಕ್ರೆವ್ವ ಅಪ್ಪನ ಕಾಲಿಗೆ ಬಿದ್ದಳು. ಕೈ ಮುಟ್ಟಲಿಲ್ಲ.

ಗಾಳೆಪ್ಪ ಕೆಟ್ಟವನಲ್ಲ. ಕೈ ವಲ್ಲಿಯ ಕೆಳಗಿದ್ದರೂ ಬೆಲೆ ಮುಖದ ಮೇಲಿರುತ್ತಿತ್ತು, ಅಷ್ಟೆ. ಕೊಳ್ಳುವವರು ಅವನ ಬೆರಳು ಬಿಟ್ಟು ಹುಬ್ಬನ್ನೇ ಓದತೊಡಗಿದರು. ಶಿರಹಟ್ಟಿ, ಲಕ್ಷ್ಮೇಶ್ವರದ ಗಾಡಿಗಳು ಒಂದೊಂದಾಗಿ ಬೇರೆ ಅಂಗಡಿಗಳ ಮುಂದೆ ನಿಲ್ಲತೊಡಗಿದವು.

ಏಕೀಕರಣದ ಹೊತ್ತಿಗೆ ವಲ್ಲಿಯ ವ್ಯಾಪಾರ ನಿಂತು, ಎಲ್ಲರೆದುರು ಕೂಗಿ ಬೆಲೆ ಕಟ್ಟುವ ಲಿಲಾವು ಬಂತು. ಇನ್ನು ಯಾರೂ ಯಾರ ಕೈಯನ್ನೂ ಹಿಡಿಯಬೇಕಿರಲಿಲ್ಲ. ಮಗಳಿಗಿದ್ದ ಒಂದೇ ಅಡ್ಡಿ ಹೋಗಿತ್ತು. ಗಾಳೆಪ್ಪನೇ ಬಂದು, "ಕಾಕಾ, ನನ್ನ ಕೈಲೆ ಆಗವಲ್ದು. ಅಕ್ಕನ್ನ ಕರಕೊಂಡು ಬರ್ರಿ. ಇಲ್ಲಂದ್ರ ಬಾಗಲಾ ಹಾಕೋದ" ಎಂದ.

ಹುಚ್ಚೀರಪ್ಪ ಬಸ್ಸು ಹಿಡಿದು ಬೆಳ್ಳಟ್ಟಿಗೆ ಹೋದ. ಶಂಕ್ರೆವ್ವ ಅಂಗಳದಲ್ಲಿ ಹತ್ತಿ ಒಣಹಾಕುತ್ತಿದ್ದಳು. ಹಸಿ ಹತ್ತಿಯನ್ನು ಪೇಟೆಗೆ ಕಳಿಸುವವಳಲ್ಲ. ನೀರು ಕೊಟ್ಟು ಎದುರಿಗೆ ಕುಳಿತಳು.

"ಈಗ ಲಿಲಾವು ಬಂದೈತಿ. ಗಾದಿ ನಿಂದು, ಯವ್ವಾ" ಎಂದ. ಹಳೆಯ ರೂಢಿಯಂತೆ ವಲ್ಲಿಯನ್ನು ಮೊಣಕಾಲ ಮೇಲೆ ಹಾಸಿ, ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ಅದರ ಕೆಳಗಿಟ್ಟ.

ಅವಳು ವಲ್ಲಿಯ ಕೆಳಗೆ ಕೈ ಹಾಕಿದಳು. ಬಟ್ಟೆ ಸ್ವಲ್ಪ ಅಲುಗಿತು. ಆಮೇಲೆ ಕೈ ತೆಗೆದಳು. ಅವನು ಮಗಳ ಮುಖ ನೋಡಿದ. ಅಲ್ಲಿ ಏನೂ ಕಾಣಲಿಲ್ಲ. ಕಲಿಸಿದವನು ಅವನೇ.

"ತಿಳೀಲಿಲ್ಲವ್ವಾ. ಬಾಯಿಲೆ ಹೇಳು."

"ಬಾಯಿಲೆ ನಾ ಒಮ್ಮೆ ಕೇಳಿದ್ದೆ, ಯಪ್ಪಾ." ನೀರಿನ ತಂಬಿಗೆ ಎತ್ತಿಕೊಂಡು ಅಂದಳು: "ಈ ಹುಡುಗರು ಒಮ್ಮೆ ತಾಯಿನ್ನ ಕಳಕೊಂಡಾವ. ಇನ್ನೊಮ್ಮೆ ಬ್ಯಾಡ. ಏಳು, ರೊಟ್ಟಿ ಬಿಸಿ ಅದಾವ."

ತಿರುಗಿ ಬರುವ ಬಸ್ಸಿನಲ್ಲಿ, ಅಂಗಡಿ ಮುಚ್ಚುವ ಮಾತನ್ನು ಖಾಸಿಂಸಾಬನಿಗೆ ಹೇಗೆ ಹೇಳಲೆಂದು ಯೋಚಿಸುತ್ತಿದ್ದಾಗ ಅವನಿಗೆ ಹೊಳೆಯಿತು. ಮಗಳು ಎಂಟು ವರ್ಷ ಹಿಡಿದದ್ದು ಎಡಗೈಯನ್ನು. ಅದಕ್ಕೆ ಲಕ್ವಾ ಹೊಡೆದಿರಲಿಲ್ಲ. ಅವಳ ಮುಂದೆಯೂ ಅವನು ಪೇಟೆಗೆ ಚಾಚುವ ಕೈಯನ್ನೇ ಚಾಚಿದ್ದ.

ಆ ಎಡಗೈ ಈಗ, ಮಗಳು ಕಟ್ಟಿಕೊಟ್ಟ, ತೊಡೆಯ ಮೇಲಿನ ಬುತ್ತಿಯ ಗಂಟನ್ನು ಹಿಡಿದಿತ್ತು. ಬಟ್ಟೆಯ ಮೇಲಿಂದಲೇ ಬೆರಳಾಡಿಸಿದ. ಇನ್ನೂ ಬೆಚ್ಚಗಿತ್ತು. ಎಷ್ಟು ರೊಟ್ಟಿ ಬೇಕೆಂದು ಈ ಸಲ ಅವಳು ಕೇಳಿರಲಿಲ್ಲ.