ಪನ್ಸೋನನ ಹಲ್ಲು

ಎತೆಲ್ವಿನಾಗೆ ಗಂಡನ ಮೇಲೆ ಹೊಟ್ಟೆಕಿಚ್ಚು ಹತ್ತಿದ್ದು ಒಂದು ಮೀನಿನಿಂದ. ನದಿದಂಡೆಯ ನಮ್ಮ ಇಕಿತೋಸ್ ಪಟ್ಟಣದ ಬೇರೆ ಯಾವ ಬೀದಿಯಲ್ಲಿ ಹೇಳಿದರೂ ಜನ ನಕ್ಕಾರು. ಪುಂಚಾನಾ ಕೇರಿಯ ನಮ್ಮ ಬೀದಿಯಲ್ಲಿ ಮಾತ್ರ ಯಾರೂ ನಗಲಿಲ್ಲ, ಯಾಕೆಂದರೆ ಆ ಮೀನನ್ನು ನಾವೆಲ್ಲ ಬಲ್ಲೆವು.

ಉದ್ದ ಅಂದರೆ ಒಂದು ತೋರುಬೆರಳು. ಹಳದಿ ಬೆನ್ನಿನ ಮೇಲೆ ಕಪ್ಪು ಪಟ್ಟಿ, ಬಿಳಿ ಹೊಟ್ಟೆ, ಒಂದೊಂದು ದಿಕ್ಕಿಗೆ ಒಂದೊಂದು ಹೊರಳುವ ಕಣ್ಣು. ಹೆದರಿದರೆ ನೀರು ಕುಡಿದು ಚೆಂಡಿನಂತೆ ಊದಿಕೊಳ್ಳುವ ಜಾತಿ. ಹೆಸರು ಪನ್ಸೋನ್, ಅಂದರೆ ಡೊಳ್ಳುಹೊಟ್ಟೆಯವನು. ನದಿಯ ಬಣ್ಣದ ಮೀನುಗಳನ್ನು ಹೊರದೇಶಕ್ಕೆ ಕಳಿಸುವ ಒಂದು ಕೊಠಾರದಲ್ಲಿ ಎತೆಲ್ವಿನಾ ಇಪ್ಪತ್ತಾರು ವರ್ಷ ದುಡಿದಳು. ಅಲ್ಲಿನ ಊದುಮೀನಿನ ತೊಟ್ಟಿಗಳೆಲ್ಲ ಅವಳ ಪಾಲಿಗೆ. ಒಮ್ಮೆ ಬಾಲ ಹರಿದ ಒಂದನ್ನು ಹಿಡಿದು ಮೇಸ್ತ್ರಿ, "ಇದನ್ಯಾರು ಕೊಳ್ತಾರೆ, ಎಸಿ ಅತ್ಲಾಗೆ" ಅಂದ. ಅವಳು ಎಸೆಯಲಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಅದರಲ್ಲಿ ಬಿಟ್ಟುಕೊಂಡು ಮನೆಗೆ ತಂದಳು. ಇದು ಆರು ವರ್ಷದ ಹಿಂದಿನ ಮಾತು.

ಈ ಮೀನನ್ನು ಸಾಕುವುದು ಹುಡುಗಾಟವಲ್ಲ. ಇದರ ಹಲ್ಲು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ನದಿಯಲ್ಲಾದರೆ ದಿನವಿಡೀ ಚಿಪ್ಪು ಕಡಿದು ಸವೆಸಿಕೊಳ್ಳುತ್ತದೆ. ಗಾಜಿನ ತೊಟ್ಟಿಯಲ್ಲಿ ಕಡಿಯಲು ಗಟ್ಟಿಯಾದದ್ದು ಸಿಗದಿದ್ದರೆ ಹಲ್ಲು ಬೆಳೆದು ಬಾಯಿ ಮುಚ್ಚಿಹೋಗಿ, ಊಟ ಎದುರಿಗಿದ್ದೂ ಉಪವಾಸ ಸಾಯುತ್ತದೆ. ಅದಕ್ಕೇ ಎತೆಲ್ವಿನಾ ಹಿತ್ತಲಿನ ಬಕೆಟ್ಟಿನಲ್ಲಿ ಬಸವನಹುಳು ಸಾಕಿದ್ದಳು. ದಿನಕ್ಕೆ ಐದೋ ಆರೋ, ಚಿಪ್ಪಿನ ಸಮೇತ. ವಾರಕ್ಕೊಂದು ದಿನ ಉಪವಾಸ. ಎರಡು ದಿನಕ್ಕೊಮ್ಮೆ ನೀರು ಬದಲು. ಪನ್ಸೋನ್ ಹುಟ್ಟಿದಾಗಿನಿಂದ ಅನ್ನ ಕಾಣದವನ ಹಾಗೆ ಗಾಜಿಗೆ ಮೂತಿ ಒತ್ತಿ ಮೇಲೆ ಕೆಳಗೆ ಕುಣಿದು ಬೇಡುತ್ತಿದ್ದ, ಅವಳು ಕರಗುತ್ತಿರಲಿಲ್ಲ. ಆದರೆ ಆ ಕುಣಿತ ತನ್ನೊಬ್ಬಳಿಗೇ ಎಂಬುದು ಅವಳಿಗೆ ಗೊತ್ತಿತ್ತು. ಪಕ್ಕದ ಮನೆಯ ಲಾಸ್ತೇನಿಯಾ ಹೋಗಿ ನಿಂತರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಹೀಗಿರುವಾಗ ಗಂಡ ನೆಪ್ತಾಲಿ ಮನೆಗೆ ಬಂದು ಕೂತ. ಮೂವತ್ತು ವರ್ಷ ಪುಕಾಲ್ಪಾ ಊರಿಗೆ ಹೋಗಿಬರುವ ದೋಣಿಗಳಲ್ಲಿ ಅಡುಗೆ ಮಾಡಿಕೊಂಡಿದ್ದವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಿದ್ದವನು, ಮಂಡಿನೋವಿಗೆ ಕೆಲಸ ಬಿಟ್ಟ ಮೇಲೆ ಪಡಸಾಲೆಯಲ್ಲಿ ತೂಗುಹಾಕಿದ ಜೋಲಿಯಲ್ಲಿ ಬಿದ್ದುಕೊಂಡ. ಮೊದಲ ತಿಂಗಳು, "ಸಾರಿಗೂ ಆಗದ ವಿಷದ ಮೀನು, ಅದಕ್ಕೆ ಇಷ್ಟು ಉಪಚಾರ!" ಎಂದು ಮೂಗು ಮುರಿದ. ಎರಡನೆಯ ತಿಂಗಳು ಬೇಸರ ಕಳೆಯಲು ಸಂತೆಯಿಂದ ಹೊಳೆಸೀಗಡಿ ತಂದು, ಸಿಪ್ಪೆ ಸುಲಿದು, ಸಣ್ಣಗೆ ಹೆಚ್ಚಿ, ಕಡ್ಡಿಗೆ ಚುಚ್ಚಿ ಪನ್ಸೋನನ ಬಾಯಿಗೇ ಇಡತೊಡಗಿದ. ಕೈ ಅಡುಗೆಯವನದು, ಸುಮ್ಮನಿರುತ್ತದೆಯೇ?

ಮೂರನೆಯ ತಿಂಗಳ ಒಂದು ಬೆಳಿಗ್ಗೆ ಎತೆಲ್ವಿನಾ ಬಸವನಹುಳುವಿನ ಬಟ್ಟಲು ಹಿಡಿದು ತೊಟ್ಟಿಯ ಹತ್ತಿರ ಹೋದಳು. ಪನ್ಸೋನ್ ಒಂದು ಕಣ್ಣಿನಲ್ಲಿ ಅವಳನ್ನು ನೋಡಿದ. ಬೆನ್ನು ತಿರುಗಿಸಿ ಜೋಲಿಯ ಕಡೆಯ ಗಾಜಿಗೆ ಹೋಗಿ ಕುಣಿಯತೊಡಗಿದ.

"ನೋಡೇ ಮುದುಕಿ, ನನ್ನ ಕಂಡ್ರೆ ಹೆಂಗ್ ಕುಣೀತಾನೆ!" ಅಂದ ನೆಪ್ತಾಲಿ.

"ಕುಣೀದೆ ಏನ್ಮಾಡ್ತಾನೆ? ಸಿಪ್ಪೆ ಸುಲಿದು ಬಾಯಿಗೇ ಇಡೋ ಆಳು ಸಿಕ್ಕಿದಾನಲ್ಲ."

"ಹೊಟ್ಟೆಉರಿ ನಿಂಗೆ."

"ಒಂದು ಮೀನಿಗೋಸ್ಕರ? ಥೂ. ನಂಗೇನು ಬೇರೆ ಕೆಲಸ ಇಲ್ವಾ?"

ಹೊಟ್ಟೆಉರಿಯೇ. ಬೇರೇನಲ್ಲ. ಅವತ್ತು ಅವಳು ಗಂಜಿಯನ್ನೂ ಮುಟ್ಟಲಿಲ್ಲ. ಆದರೆ ಆ ಉರಿ ಮೀನಿನಿಂದ ಹೊತ್ತಿದ್ದಾದರೂ ಸೌದೆ ಹಳೆಯದು. ಮೂರು ಮಕ್ಕಳನ್ನು ಬೆಳೆಸಿದ್ದು ಅವಳು. ಜಂತುಹುಳುವಿಗೆ ಓಹೆ ಮರದ ಕಹಿ ಹಾಲನ್ನು ಮೂಗು ಹಿಡಿದು ಕುಡಿಸಿದ್ದು, ಹೇನು ಹೆಕ್ಕಿದ್ದು, ಶಾಲೆಗೆ ಚಕ್ಕರ್ ಹೊಡೆದರೆ ಬಾರಿಸಿದ್ದು ಎಲ್ಲ ಅವಳ ಕೈ. ನೆಪ್ತಾಲಿ ತಿಂಗಳಿಗೊಮ್ಮೆ ದೋಣಿಯಿಂದ ಇಳಿಯುತ್ತಿದ್ದ, ಜೇಬಿನ ತುಂಬ ಮಿಠಾಯಿ. ಮಕ್ಕಳು ಅವಳ ಲಂಗ ತಳ್ಳಿಕೊಂಡು "ಅಪ್ಪಾ!" ಎಂದು ಓಡುತ್ತಿದ್ದವು. ಬೆಲ್ಲವಿದ್ದಲ್ಲಿ ಇರುವೆ. ಅವಳು ಹಿಂದೆ ನಿಂತು ಅವನ ಬಟ್ಟೆಗಂಟು ಎತ್ತಿಕೊಳ್ಳುತ್ತಿದ್ದಳು. ಈಗಲೂ ಪ್ರತಿ ಭಾನುವಾರ ಊಟಕ್ಕೆ ಬರುವ ಮಗಳು ಮಾರ್ಲಿತ್ ಬಾಗಿಲಲ್ಲೇ "ಅಪ್ಪಾ!" ಅಂತ ಕೂಗಿ ನೇರ ಜೋಲಿಗೆ ಹೋಗುತ್ತಾಳೆ. ಅಡುಗೆಮನೆಗೆ ಬರುವುದು ತಟ್ಟೆ ತಗೊಂಡು ಹೋಗಲಿಕ್ಕೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡ ಹಾಗೆ, ಅವಳ ಕಷ್ಟವೆಲ್ಲ ಅವನ ಪಾಲಿನ ಪ್ರೀತಿಯಾಗಿತ್ತು. ಉಳಿದದ್ದು ಒಂದು ಬಾಲಹರುಕ ಮೀನು. ಅದೂ ಹೋಯಿತು.

"ಎತೆಲ್ವಿನಕ್ಕಾ, ನಿನ್ ಮೀನು ಗಂಡ ಬದಲಾಯಿಸ್ಕೊಂತಂತೆ?" ಎಂದು ಲಾಸ್ತೇನಿಯಾ ಬೇಲಿಯಾಚೆಯಿಂದ ಗಾಯಕ್ಕೆ ಉಪ್ಪು ಸವರಿದಳು.

ಇಲ್ಲಿ ಎತೆಲ್ವಿನಾ ಒಂದು ತಪ್ಪು ಮಾಡಿದಳು. ಮಾಡಿದಳು ಅಂದರೆ, ಏನೂ ಮಾಡದೆ ಸುಮ್ಮನಿದ್ದಳು. ಸೀಗಡಿ ಹೊಟ್ಟೆಗೆ ಬಿದ್ದಾಗಿನಿಂದ ಪನ್ಸೋನ್ ಚಿಪ್ಪು ಮುಟ್ಟುತ್ತಿರಲಿಲ್ಲ. ಅವನ ತುಟಿಯಿಂದ ಬಿಳಿಯ ಹಲ್ಲು ಇಣುಕಿದ್ದನ್ನು ಅವಳು ಮೊದಲೇ ಕಂಡಳು. ಕೊಠಾರದಲ್ಲಿ ಸಾವಿರಾರು ಮೀನಿನ ಹಲ್ಲು ಕತ್ತರಿಸಿದವಳ ಕಣ್ಣು, ಕಾಣದಿರುತ್ತದೆಯೇ? ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. 'ತಿನ್ನಿಸಲಿ, ಇನ್ನೂ ತಿನ್ನಿಸಲಿ. ಆಮೇಲೆ ನನ್ನ ಕಾಲಿಗೇ ಬೀಳ್ತಾನೆ' ಅಂದುಕೊಂಡು ಮೂರು ವಾರ ಬಸವನಹುಳುವಿನ ಬಟ್ಟಲು ತೊಳೆದು ಮಗುಚಿಟ್ಟಳು.

ಒಂದು ಸೋಮವಾರ ನೆಪ್ತಾಲಿ ಕಡ್ಡಿ ಹಿಡಿದುಕೊಂಡೇ ಅಡುಗೆಮನೆಗೆ ಬಂದ. "ಮುದುಕಿ, ಅವನು ಮೂರು ದಿನದಿಂದ ತಿಂತಿಲ್ಲ. ಬಾಯಿ ಹತ್ರ ಬರ್ತಾನೆ, ಮೂತಿಯಲ್ಲಿ ತಳ್ತಾನೆ, ಹೋಗ್ತಾನೆ."

ಅವಳು ಹೋಗಿ ನೋಡಿದಳು. ಪನ್ಸೋನನ ಡೊಳ್ಳು ಇಳಿದು ಚಪ್ಪಟೆಯಾಗಿತ್ತು. ಮೂಲೆಯಲ್ಲಿ ಬೂದುಬಣ್ಣಕ್ಕೆ ತಿರುಗಿ ಮಲಗಿದ್ದ. ಮೇಲಿನ ಹಲ್ಲು ಕೆಳಗಿನದರ ಮೇಲೆ ಕೊಕ್ಕಿನಂತೆ ಬಾಗಿ ಬಾಯಿಗೆ ಅಗುಳಿ ಹಾಕಿತ್ತು. ಎತೆಲ್ವಿನಾ ಗಾಜಿಗೆ ಬಗ್ಗಿದಳು. ತಾನು ಕಾದದ್ದು ಗಂಡನ ಸೋಲಿಗೆ, ಇವನ ಸಾವಿಗಲ್ಲ.

"ಹಲ್ಲು ಬೆಳೆದಿದೆ, ಕತ್ತರಿಸ್ಬೇಕು," ಅಂದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಮೂರು ವಾರ ಆಯ್ತು."

ನೆಪ್ತಾಲಿ ಕಡ್ಡಿ ಕೆಳಗಿಟ್ಟ. "ಮೂರು ವಾರ? ಎಂಥಾ ಹೆಂಗಸೇ ನೀನು!"

"ಕೆಟ್ಟ ಹೆಂಗಸು. ಆ ಸಣ್ಣ ಇಕ್ಕಳ ತಾ."

ಬಟ್ಟಲಿಗೆ ತೊಟ್ಟಿಯ ನೀರು ತುಂಬಿ, ಮೀನಿಗೆ ಮಂಪರು ಬರಲೆಂದು, ಹಲ್ಲುನೋವಿಗೆ ಹಚ್ಚುವ ಲವಂಗದ ಎಣ್ಣೆಯನ್ನು ಎರಡು ತೊಟ್ಟು ಬೇರೆ ನೀರಿನಲ್ಲಿ ಕುಲುಕಿ ಸುರಿದಳು. ಪನ್ಸೋನನನ್ನು ಅದರಲ್ಲಿ ಬಿಟ್ಟಳು. ಅವನು ತೂಕಡಿಸಿ ಪಕ್ಕಕ್ಕೆ ವಾಲಿದ. ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರಿನಲ್ಲೇ ಎರಡು ಬೆರಳ ನಡುವೆ ಹಿಡಿದಳು. ಇಕ್ಕಳವನ್ನು ಗಂಡನ ಕಡೆ ತಳ್ಳಿದಳು.

"ನೀನು ಕತ್ತರಿಸು."

"ನಾನಾ? ನನ್ನ ಕೈಲಿ ಆಗಲ್ಲಪ್ಪ. ನಿಂಗೆ ಅಭ್ಯಾಸ."

"ಅಭ್ಯಾಸ! ಮಕ್ಕಳಿಗೆ ಓಹೆ ಕುಡಿಸೋ ದಿನ ನೀನು ಯಾವಾಗ್ಲೂ ದೋಣೀಲಿ. ಇವತ್ತು ದೋಣಿ ಇಲ್ಲ. ಬೇಗ, ಅವನ ಮಂಪರು ಒಂದೇ ನಿಮಿಷ ಇರೋದು."

ಐವತ್ತು ಜನರಿಗೆ ಹಂದಿ ಕೊಚ್ಚುತ್ತಿದ್ದ ಕೈ ಆ ಸಣ್ಣ ಇಕ್ಕಳ ಎತ್ತಿಕೊಂಡಿತು. ಟಕ್ ಎಂದಿತು. ಅಕ್ಕಿಕಾಳಿನಷ್ಟು ಹಲ್ಲು ಹಾರಿ ಬಟ್ಟಲಿನ ತಳ ಸೇರಿತು. ಇನ್ನೊಮ್ಮೆ ಟಕ್, ಇಕ್ಕಳದ ತುದಿ ಎತೆಲ್ವಿನಾಳ ಕೈಯನ್ನೂ ಗೀರಿತು. ಎತೆಲ್ವಿನಾ ಅವನನ್ನು ತೊಟ್ಟಿಗೆ ಬಿಟ್ಟು, ಮೆಲ್ಲಗೆ ಮುಂದೆ ಹಿಂದೆ ಆಡಿಸಿದಳು, ಕಿವಿರು ಅಲುಗುವ ತನಕ. ಅಷ್ಟೂ ಹೊತ್ತು ಅವಳ ತುಟಿಯಲ್ಲಿ ದೇವಮಾತೆಯ ಜಪ. ಕಿವಿರು ಆಡಿದ ಕೂಡಲೇ ಪಕ್ಕಕ್ಕೆ ಸರಿದು ನಿಂತಳು. ಬೇಕೆಂದೇ ಸರಿದಳು. ಪನ್ಸೋನ್ ಕಣ್ಣು ಹೊರಳಿಸಿದಾಗ ಗಾಜಿನ ಮೇಲೆ ಬಗ್ಗಿದ್ದದ್ದು ನೆಪ್ತಾಲಿಯ ಮುಖ. ಮೀನು ಬುಗ್ಗೆಂದು ಊದಿಕೊಂಡಿತು. ಊತ ಇಳಿದ ಮೇಲೆ ತೊಟ್ಟಿಯೊಳಗಿನ ಮರದ ಕೊರಡಿನ ಹಿಂದೆ ನುಗ್ಗಿತು.

ಮರುದಿನ ಎತೆಲ್ವಿನಾ ಬಸವನಹುಳು ಹಾಕಿದಳು. ಪನ್ಸೋನ್ ಕೊರಡಿನ ಹಿಂದಿನಿಂದ ಬಂದ, ಅವಳನ್ನು ನೋಡಿದ, ಕಡಿದ. ಚಿಪ್ಪು ಒಡೆದ ಸದ್ದು ಜೋಲಿಯ ತನಕ ಕೇಳಿತು. ನೆಪ್ತಾಲಿ ಹತ್ತಿರ ಹೋದರೆ ಮಾತ್ರ ಮತ್ತೆ ಕೊರಡಿನ ಹಿಂದೆ. ಎರಡನೆಯ ದಿನವೂ ಹಾಗೇ, ಐದನೆಯ ದಿನವೂ ಹಾಗೇ. ಎತೆಲ್ವಿನಾಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಅವಳು ಆ ವಾರ ಎರಡೆರಡು ಸಲ ಬಡಿಸಿಕೊಂಡು ತಿಂದಳು.

ಶನಿವಾರ ನೆಪ್ತಾಲಿ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತ, ಕಡ್ಡಿಯೂ ಇಲ್ಲ, ಸೀಗಡಿಯೂ ಇಲ್ಲ.

"ನನ್ನ ಕಡೆ ತಿರುಗಿ ಕೂಡಾ ನೋಡಲ್ವಲ್ಲೇ. ಅವನ ಒಳ್ಳೇದಕ್ಕೇ ತಾನೇ ನಾನು ಮಾಡಿದ್ದು?"

ಅವಳು ಬಾಳೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ನಿಂಗೆ ಐದು ದಿನ ಆಯ್ತು. ನಂಗೆ ಮೂವತ್ತು ವರ್ಷ."

ನೆಪ್ತಾಲಿ ಎದ್ದು ಕುರ್ಚಿಯನ್ನು ತೊಟ್ಟಿಯ ಮುಂದಿನಿಂದ ತೆಗೆದು ಗೋಡೆಗೆ ಇಟ್ಟ.

ಭಾನುವಾರ ಹನ್ನೆರಡಕ್ಕೆ ಬೀದಿಯಲ್ಲಿ ಮಗಳ ಆಟೋ ನಿಂತ ಸದ್ದಾಯಿತು. ಎತೆಲ್ವಿನಾ ಸುಟ್ಟ ಬಾಳೆಕಾಯಿ ಕುಟ್ಟಿ ಹಂದಿಕೊಬ್ಬು ಸೇರಿಸಿ ಉಂಡೆ ಕಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಯಾವ ಭಾನುವಾರ ನಿಲ್ಲಿಸಿದ್ದಳು?

"ಅಪ್ಪಾ!"

ಜೋಲಿಯಿಂದ ಉತ್ತರವಿಲ್ಲ. ಮಾರ್ಲಿತ್ ಇನ್ನೊಮ್ಮೆ ಕರೆದಳು. ಆಮೇಲೆ ಅವಳ ಚಪ್ಪಲಿ ಸದ್ದು ಅಡುಗೆಮನೆಗೆ ಬಂತು. "ಅಮ್ಮಾ, ಅಪ್ಪಂಗೇನಾಯ್ತು? ಮುಖದ ಮೇಲೆ ಟೋಪಿ ಹಾಕ್ಕೊಂಡು ಮಲಗ್ಬಿಟ್ಟಿದಾರೆ."

ಊಟಕ್ಕೆ ಮುಂಚೆ ಆ ಮನುಷ್ಯ ಹುಟ್ಟಿದಾರಭ್ಯ ನಿದ್ದೆ ಮಾಡಿದವನಲ್ಲ. ಎತೆಲ್ವಿನಾ ಬಾಗಿಲಿಂದ ಬಗ್ಗಿ ನೋಡಿದಳು. ಟೋಪಿಯ ಅಂಚಿನ ಕೆಳಗೆ ಒಂದು ಕಣ್ಣು ತೆರೆದಿತ್ತು. ಅವಳನ್ನು ಕಂಡದ್ದೇ ಗಟ್ಟಿಯಾಗಿ ಮುಚ್ಚಿಕೊಂಡಿತು.

"ರಾತ್ರಿ ನಿದ್ದೆ ಇರ್ಲಿಲ್ಲ ಅವರಿಗೆ," ಅಂದಳು. "ಕೂತ್ಕೋ."

ಮಗಳು ಸ್ಟೂಲ್ ಎಳೆದುಕೊಂಡು ಕೂತಳು. ಒಂದು ಬಿಸಿ ಉಂಡೆ ಎತ್ತಿ ಬಾಯಿಗೆ ಹಾಕಿಕೊಂಡಳು. ಸುಟ್ಟುಕೊಂಡು ನಕ್ಕಳು. ತಾಯಿಯ ಕೈಯ ಮೇಲಿದ್ದ ಗೀರು ನೋಡಿ, "ಇದೇನಮ್ಮಾ, ಮೀನು ಕಚ್ಚಿತಾ?" ಎಂದು ಕೈ ಹಿಡಿದುಕೊಂಡು ಕೇಳಿದಳು. ಎತೆಲ್ವಿನಾ ಹೇಳತೊಡಗಿದಳು. ಹಲ್ಲಿನ ಕಥೆಯಿಂದ ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು. ಅರ್ಧ ಗಂಟೆಯ ಮೇಲೆ ಜೋಲಿಯಲ್ಲಿ ಒಂದು ಸಣ್ಣ ಕೆಮ್ಮು ಕೇಳಿಸಿತು. ಸ್ವಲ್ಪ ತಡೆದು ಇನ್ನೊಂದು.

"ಅಪ್ಪ ಎದ್ರು ಅನ್ಸುತ್ತೆ," ಎಂದು ಮಾರ್ಲಿತ್ ತಿರುಗಹೊರಟಳು.

"ಎದ್ದಿಲ್ಲ, ಮಲಗ್ಲಿ ಬಿಡು," ಅಂದಳು ಎತೆಲ್ವಿನಾ. ಮಗಳ ಸ್ಟೂಲನ್ನು ಹಿಡಿದು, ಅವಳ ಬೆನ್ನು ಜೋಲಿಯ ಕಡೆಗೆ ಬರುವ ಹಾಗೆ ತನ್ನತ್ತ ಎಳೆದುಕೊಂಡಳು. ಅವಳ ತಟ್ಟೆಗೆ ಇನ್ನೊಂದು ಉಂಡೆ ಹಾಕಿದಳು.