ಉಳಿಗೆ ಬಂದ ಬಣ್ಣ

ಸಯನ್ನಿನ ನಮ್ಮ ಚಾಳಿನಲ್ಲಿ ಆಗೆಲ್ಲ ದಸರೆಯ ಖಂಡೆಪೂಜೆ ಬಂತೆಂದರೆ ನಮ್ಮ ಖೋಲಿಯಲ್ಲಿ ಊದುಬತ್ತಿಗಿಂತ ಮೊದಲು ಮಷೀನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಧಾರವಾಡದಿಂದ ಈ ದೊಡ್ಡ ಶಹರಕ್ಕೆ ಬಂದ ಅಪ್ಪ ಫಿಟ್ಟರ್. ಕಿಟಕಿಯ ಕೆಳಗೇ ಅವರ ಕಾರ್ಖಾನೆ: ಒಂದು ಮೇಜು, ಕಬ್ಬಿಣ ಕಚ್ಚಿ ಹಿಡಿಯುವ ವೈಸ್, ಅರ, ಸುತ್ತಿಗೆ, ಮತ್ತು ಕೆಲಸ ಕಲಿಸಿದ ಉಸ್ತಾದರು ಕೊಟ್ಟ ಉಕ್ಕಿನ ಉಳಿ. ಕಬ್ಬಿಣವನ್ನೇ ಕಡಿಯುವ ಉಳಿ ಅದು, ಅಪ್ಪನಿಗೆ ಜೀವ.

ಪೂಜೆಗೆ ಹತಾರ ಒರೆಸಿಡು ಎಂದು ಅವ್ವ ನನಗೆ ಹೇಳಿದಳು. ಹತ್ತು ವರ್ಷದ ಅತಿಬುದ್ಧಿವಂತೆ ನಾನು! ಉಳಿಯ ಜಿಡ್ಡು ಹೋಗಲೊಲ್ಲದು. ಅವ್ವ ಹಂಚಿನ ಜಿಡ್ಡು ಸುಡುವಂತೆ ನಾನೂ ಅದರ ಬಾಯನ್ನು ಗ್ಯಾಸಿನ ಮೇಲೆ ಹಿಡಿದೆ. ಹಳದಿ ಬಂತು, ಕಂದು ಬಂತು, ಕೊನೆಗೆ ನವಿಲುಗರಿಯ ನೀಲಿ. ಎಷ್ಟು ಚಂದವೆಂದು ಹಿಗ್ಗಿಹೋದೆ. ಅಪ್ಪ ಆ ನೀಲಿಯ ಮೇಲೆಯೇ ಕುಂಕುಮ ಹಚ್ಚಿ ಕೈಮುಗಿದರು.

ಮರುದಿನ ಬೆಳಿಗ್ಗೆ ಅಪ್ಪನ ಮೊದಲ ಪೆಟ್ಟಿಗೇ ಉಳಿಯ ಬಾಯಿ ಮಡಚಿಕೊಂಡಿತು.

“ಇದೇನಾತು? ಬೆಣ್ಣಿ ಆದಂಗ ಆಗೇತಲ್ಲ!”

ಬಿಕ್ಕುತ್ತಲೇ ಗ್ಯಾಸಿನ ಕಥೆ ಹೇಳಿಬಿಟ್ಟೆ.

“ನೀಲಿ ಆಗಿತ್ತೇನು? ಉಕ್ಕಿನ ಹದ ಹೋತು ಬಿಡು, ಮೆತ್ತಗಾಗೇತಿ.”

“ನೀ ಪೂಜಿ ಮಾಡೂವಾಗೂ ನೀಲಿನ ಇತ್ತಲ್ಲ, ಅಪ್ಪಾ!”

ಅಪ್ಪ ಉಳಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, “ನನ್ನ ಕಣ್ಣಿಗೆ ಈಗೀಗ ಬಣ್ಣ ಸರೀ ತಿಳಿವಲ್ದು, ಮಗಳ. ಅವ್ವಗ ಹೇಳಬ್ಯಾಡ” ಎಂದರು.

ಬಾಯನ್ನು ಅರದಿಂದ ತಿದ್ದಿ, ಬ್ಲೋಲ್ಯಾಂಪಿನ ಉರಿಯಲ್ಲಿ ಕೆಂಪಗೆ ಕಾಸಿ ಎಣ್ಣೆಗೆ ಅದ್ದಿದರು. ಖೋಲಿ ತುಂಬ ಹೊಗೆ. ಆರಿದ ಮೇಲೆ ಅಂಚನ್ನು ಉಜ್ಜಿ ಬೆಳ್ಳಗೆ ಮಾಡಿದರು.

“ಈಗ ಗಾಜಿನಂಗ ಐತಿ, ಬಡದ್ರ ಒಡೀತೈತಿ. ಇನ್ನೊಮ್ಮಿ ಹಗೂರಕ ಕಾಸ್ತೀನಿ. ಒಣಹುಲ್ಲಿನ ಹಳದಿ ಬಂದಕೂಡ್ಲೆ ‘ಹಾಂ’ ಅನ್ನು. ತಡ ಆದ್ರ ಮತ್ತ ಮೆತ್ತಗ.”

“ನಾನು ತಪ್ಪಿದ್ರ?”

“ನೋಡವಾ, ಸುಮ್ನ ನೋಡು.”

ಅಪ್ಪ ಉಳಿಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ರೆಪ್ಪೆ ಬಡಿಯಲೂ ಹೆದರಿಕೆ. ಬಿಳಿ, ಇನ್ನೂ ಬಿಳಿ... ಅಂಚಿನಲ್ಲಿ ಹಳದಿ ಹರಿದದ್ದೇ “ಹಾಂ!” ಎಂದು ಕಿರುಚಿದೆ. ಉಳಿ ನೀರಿನಲ್ಲಿ ಚುಂಯ್ ಎಂದಿತು. ಕಬ್ಬಿಣದ ಪಟ್ಟಿಯ ಮೇಲಿಟ್ಟು ಅಪ್ಪ ಸುತ್ತಿಗೆ ಎತ್ತಿದಾಗ ನಾನು ಕಣ್ಣು ಮುಚ್ಚಿಕೊಂಡೆ.

ಪಟ್ಟಿ ಎರಡು ತುಂಡಾಗಿತ್ತು. ಉಳಿಯ ಬಾಯಿ ಹಾಗೇ ಇತ್ತು.

“ಭೇಷ್!”

ಆ ಚಾಳು ಈಗಿಲ್ಲ, ಅಪ್ಪನೂ ಇಲ್ಲ. ಮಲಾಡಿನ ನನ್ನ ಆಫೀಸಿನಲ್ಲಿ ನಾನು ಸರಿ ಎಂದದ್ದನ್ನು ಇನ್ನಿಬ್ಬರು ನೋಡಿ ಸಹಿ ಹಾಕಬೇಕು. ಕೆಡಿಸಿದವಳ ಕಣ್ಣನ್ನೇ ನಂಬಿ, ನನ್ನ ಒಂದು ‘ಹಾಂ’ಗಾಗಿ ಉಸಿರು ಹಿಡಿದು ಕಾದವರು ಆಮೇಲೆ ಯಾರೂ ಸಿಗಲಿಲ್ಲ.